ಲಾಲಾರಸ ಗ್ರಂಥಿಯ ಗಂಟುಗಳಿಗೆ ಸೂಜಿ ಪರೀಕ್ಷೆ

ಕಿವಿಯ ಬುಡದಲ್ಲಿ, ಕೆಳದವಡೆಯ ಅಡಿಯಲ್ಲಿ ಇಲ್ಲವೇ ಬಾಯೊಳಗೆ ಅಂಗುಳಿನ ಮೇಲೆ ಏಳುವ ಗಂಟಿಗೆ ಸಪೂರ ಸೂಜಿ ಹಾಕಿ, ಒಂದಿಷ್ಟು ಜೀವಕೋಶಗಳನ್ನು ಎಳೆದು, ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಗುರುತಿಸುವ ವಿಧಾನವಿದು. ಆಸ್ಪತ್ರೆಗಳಲ್ಲಿ ಎಫ್‌ಎನ್‌ಎಸಿ ಎಂದರೆ ಎಲ್ಲರಿಗೂ ಗೊತ್ತು. ರೋಗಿಗಳ ಬಾಯಲ್ಲಿ ಅದು ಸೂಜಿ ಟೆಸ್ಟ್. ಥೈರಾಯ್ಡ್, ಸ್ತನ, ದುಗ್ಧಗ್ರಂಥಿ ಮುಂತಾದ ಕಡೆಗಳಲ್ಲೂ ಇದೇ ಸೂಜಿ ಬಳಕೆಯಲ್ಲಿದೆ. ಆದರೆ ಲಾಲಾರಸ ಗ್ರಂಥಿಯಷ್ಟು ಬಗೆಬಗೆಯ ಗಡ್ಡೆಗಳು ಹುಟ್ಟುವ, ಅವು ಒಂದನ್ನೊಂದು ಹೋಲಿ ನೋಡುವವರನ್ನು ಕಾಡಿಸುವ ಅಂಗ ಇನ್ನೊಂದು ಸಿಗುವುದು ಕಷ್ಟ. ಹಾಗಾಗಿ ಇಲ್ಲಿ ಪರೀಕ್ಷೆಯ ಬೆಲೆ ಪ್ರತಿ ಗಡ್ಡೆಗೂ ಖಚಿತವಾದ ಹೆಸರು ಕೊಡುವುದರಲ್ಲಿಲ್ಲ. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ, ಬೇಕಾದರೆ ಎಷ್ಟು ಬೇಗ, ಎಷ್ಟು ದೂರದವರೆಗೆ ಕತ್ತರಿಸಬೇಕು ಎಂಬುದನ್ನು ಮುಂಚಿತವಾಗಿ ತಿಳಿಸುವುದರಲ್ಲಿದೆ.

ಗ್ರಂಥಿಗಳು ಮತ್ತು ಮುಖದ ನರ

ದೊಡ್ಡ ಲಾಲಾರಸ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಮತ್ತು ಕೆಳಗೆ ಹರಡಿರುವ ಪರೋಟಿಡ್ ಎಲ್ಲಕ್ಕಿಂತ ದೊಡ್ಡದು. ಅದರ ನಾಳ ಮೇಲಿನ ಎರಡನೆಯ ದವಡೆಹಲ್ಲಿನ ಎದುರು ಕೆನ್ನೆಯ ಒಳಮೈಯಲ್ಲಿ ತೆರೆದುಕೊಳ್ಳುತ್ತದೆ. ಕೆಳದವಡೆಯ ಒಳಬದಿಯಲ್ಲಿರುವುದು ಸಬ್‌ಮ್ಯಾಂಡಿಬ್ಯುಲರ್, ನಾಲಿಗೆಯಡಿ ಇರುವುದು ಸಬ್‌ಲಿಂಗ್ವಲ್. ಇವಲ್ಲದೆ ತುಟಿ, ಕೆನ್ನೆ, ಅಂಗುಳು, ಗಂಟಲುಗಳ ಒಳಪದರದಲ್ಲಿ 600ರಿಂದ 1000 ಪುಟ್ಟ ಗ್ರಂಥಿಗಳು ಚದುರಿವೆ. ಎಲ್ಲವೂ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಸುತ್ತವೆ.

ಗಂಟು ಎಲ್ಲಿದೆ ಎನ್ನುವುದೇ ಅರ್ಧ ಸುಳಿವು. ಲಾಲಾರಸ ಗ್ರಂಥಿಯ ಗಡ್ಡೆಗಳಲ್ಲಿ ಬಹುಪಾಲು ಪರೋಟಿಡ್‌ನಲ್ಲೇ ಹುಟ್ಟುತ್ತವೆ, ಅವುಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಕ್ಯಾನ್ಸರ್ ಅಲ್ಲದವು. ಗ್ರಂಥಿ ಚಿಕ್ಕದಾದಷ್ಟೂ ಭಯ ಹೆಚ್ಚು: ಸಬ್‌ಮ್ಯಾಂಡಿಬ್ಯುಲರ್ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು, ನಾಲಿಗೆಯಡಿಯ ಗ್ರಂಥಿಯಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುತ್ತವೆ. ಸೂಜಿ ಹಾಕುವ ಮೊದಲೇ ಅನುಭವಿ ಪೆಥಾಲಜಿಸ್ಟ್ ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡಿರುತ್ತಾರೆ.

ಪರೋಟಿಡ್ ಗ್ರಂಥಿಗೆ ಇನ್ನೊಂದು ವಿಶೇಷವಿದೆ. ಮುಖದ ಸ್ನಾಯುಗಳನ್ನು ಆಡಿಸುವ ನರ ಈ ಗ್ರಂಥಿಯ ನಡುವಿನಿಂದಲೇ ಹಾದು ಅಲ್ಲೇ ಐದು ಕವಲಾಗಿ ಒಡೆಯುತ್ತದೆ. ನರಕ್ಕೆ ಪೆಟ್ಟಾದರೆ ಕಣ್ಣು ಮುಚ್ಚಲಾಗದು, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಬೇರೆ ಅಂಗಗಳಲ್ಲಿ ಅನುಮಾನ ಬಂದರೆ ಒಂದು ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸುವುದು ವಾಡಿಕೆ. ಇಲ್ಲಿ ಹಾಗೆ ಚರ್ಮ ಸೀಳಿ ಚೂರು ತೆಗೆಯುವುದನ್ನು ಶಸ್ತ್ರವೈದ್ಯರು ತಪ್ಪಿಸುತ್ತಾರೆ. ನರದ ಭಯ ಒಂದು ಕಾರಣ. ಇನ್ನೊಂದು, ಪ್ಲಿಯೋಮಾರ್ಫಿಕ್ ಅಡಿನೋಮಾ ಎಂಬ ತೀರ ಸಾಮಾನ್ಯ ಗಡ್ಡೆಯ ಹೊದಿಕೆಯನ್ನು ಸೀಳಿದರೆ ಒಳಗಿನ ಕೋಶಗಳು ಸುತ್ತ ಚೆಲ್ಲಿ, ವರ್ಷಗಳ ನಂತರ ಹತ್ತಾರು ಸಣ್ಣ ಗಂಟುಗಳಾಗಿ ಮರಳಿ ಬರುತ್ತವೆ. ಆಗ ನಡೆಯುವ ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಎಷ್ಟೋ ಕಠಿಣ. ಅರ್ಧ ಮಿಲಿಮೀಟರ್ ದಪ್ಪದ ಸೂಜಿ ಈ ಅಂಗಕ್ಕೆ ಅಷ್ಟು ಒಗ್ಗಿದ್ದು ಈ ಎರಡು ಕಾರಣಗಳಿಂದ.

ಹಿನ್ನೆಲೆ

ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ತಲೆ-ಕುತ್ತಿಗೆಯ ಶಸ್ತ್ರವೈದ್ಯ ಹೇಯ್ಸ್ ಮಾರ್ಟಿನ್ ಮತ್ತು ಪ್ರಯೋಗಾಲಯದ ತಂತ್ರಜ್ಞ ಎಡ್ವರ್ಡ್ ಎಲ್ಲಿಸ್ 1930ರಲ್ಲಿ ಸೂಜಿಯಿಂದ ಗಡ್ಡೆಯ ಕೋಶ ಎಳೆಯುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿನ ಪೆಥಾಲಜಿಸ್ಟ್ ಫ್ರೆಡ್ ಸ್ಟೀವರ್ಟ್ 1933ರಲ್ಲಿ ಅದರ ಸೂಕ್ಷ್ಮದರ್ಶಕ ನೋಟವನ್ನು ವಿವರಿಸಿದರು. ಅವರ ಸೂಜಿ 18 ಗೇಜಿನದು, ಇಂದಿನವರು ಬಳಸುವುದಕ್ಕಿಂತ ಎರಡು ಪಟ್ಟು ದಪ್ಪ. ಆಶ್ಚರ್ಯವೆಂದರೆ ಹುಟ್ಟಿದ ನೆಲದಲ್ಲೇ ಈ ವಿದ್ಯೆ ಬಹುಕಾಲ ಮೂಲೆ ಸೇರಿತು. ಚುಚ್ಚಿದರೆ ಕ್ಯಾನ್ಸರ್ ಹರಡೀತೆಂಬ ಭಯ, ಕೋಶಗಳನ್ನಷ್ಟೇ ನೋಡಿ ತೀರ್ಪು ಕೊಡಲು ಪೆಥಾಲಜಿಸ್ಟರ ಹಿಂಜರಿಕೆ, ಎರಡೂ ಅಡ್ಡ ಬಂದವು.

ಅದನ್ನು ಎತ್ತಿಕೊಂಡು ಬೆಳೆಸಿದ್ದು ಸ್ವೀಡನ್. ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ವೈದ್ಯ ಸಿಕ್ಸ್‌ಟನ್ ಫ್ರಾನ್ಸೆನ್ ಸಪೂರ ಸೂಜಿಯನ್ನು, ಒಂದೇ ಕೈಯಲ್ಲಿ ಹಿಡಿದು ಎಳೆಯಬಹುದಾದ ಸಿರಿಂಜಿನ ಹಿಡಿಯನ್ನು ಬಳಕೆಗೆ ತಂದರು. ರಕ್ತ ಮತ್ತು ಮಜ್ಜೆಯ ಲೇಪಗಳಿಗೆ ಬಳಸುತ್ತಿದ್ದ ಮೇ-ಗ್ರುನ್‌ವಾಲ್ಡ್-ಗೀಮ್ಸಾ ಬಣ್ಣವನ್ನೇ ಅವರು ಗಡ್ಡೆಯ ಕೋಶಗಳಿಗೂ ಹಾಕಿದರು. ಈ ಆಯ್ಕೆ ಲಾಲಾರಸ ಗ್ರಂಥಿಗೆ ಎಷ್ಟು ಉಪಕಾರ ಮಾಡಿತೆಂಬುದು ಮುಂದೆ ತಿಳಿಯುತ್ತದೆ. 1960ರ ದಶಕದ ಮಧ್ಯದಲ್ಲಿ ಕಿವಿ-ಮೂಗು-ಗಂಟಲು ವೈದ್ಯ ಎನೆರೋತ್, ಫ್ರಾನ್ಸೆನ್ ಹಾಗೂ ಪೆಥಾಲಜಿಸ್ಟ್ ಜೋಸೆಫ್ ಜಾಯಿಚೆಕ್ ಸೇರಿ ಒಂದು ಸಾವಿರ ಲಾಲಾರಸ ಗ್ರಂಥಿ ಗಡ್ಡೆಗಳ ಅನುಭವವನ್ನು ಪ್ರಕಟಿಸಿದ ಮೇಲೆ ಈ ಅಂಗದಲ್ಲಿ ಸೂಜಿಗೆ ಗಟ್ಟಿ ನೆಲೆ ಸಿಕ್ಕಿತು. 1980ರ ದಶಕದಲ್ಲಿ ಪ್ಯಾರಿಸ್ಸಿನ ಜಾಜ್ದೇಲಾ ಮತ್ತು ಸಂಗಡಿಗರು ಸಿರಿಂಜನ್ನೇ ಕೈಬಿಟ್ಟರು. ಬರೀ ಸೂಜಿಯನ್ನು ಆಡಿಸಿದರೆ ಕೋಶಗಳು ತಾವಾಗಿ ಅದರ ಕೊಳವೆಗೆ ಏರುತ್ತವೆ, ರಕ್ತವೂ ಕಡಿಮೆ ಬೆರೆಯುತ್ತದೆ ಎಂದು ತೋರಿಸಿದರು.

ಸೂಜಿ ಹಾಕುವ ಬಗೆ

ಇದಕ್ಕೆ ಹೊಟ್ಟೆ ಖಾಲಿ ಇರಬೇಕಿಲ್ಲ, ಅರಿವಳಿಕೆ ಸಾಮಾನ್ಯವಾಗಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ರೋಗಿಯನ್ನು ಮಲಗಿಸಿ ಅಥವಾ ಕೂರಿಸಿ, ಗಂಟನ್ನು ಎರಡು ಬೆರಳ ನಡುವೆ ಅಲುಗದಂತೆ ಹಿಡಿದು, 23ರಿಂದ 25 ಗೇಜಿನ ಸೂಜಿ ಹಾಕಿ, ಒಳಗೇ ಹಿಂದೆ-ಮುಂದೆ ಕೆಲವು ಸಲ ಆಡಿಸುತ್ತಾರೆ. ಸಿರಿಂಜಿನಿಂದ ಎಳೆಯುತ್ತಿದ್ದರೆ ಹೊರಗೆ ತೆಗೆಯುವ ಮೊದಲು ಎಳೆತವನ್ನು ಬಿಡಬೇಕು. ಇಲ್ಲವಾದರೆ ಸೂಜಿಯಲ್ಲಿರಬೇಕಾದ ಮಾಲು ಸಿರಿಂಜಿನೊಳಕ್ಕೆ ಹಾರಿ ಅಂಟಿಕೊಂಡು ವ್ಯರ್ಥವಾಗುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಎರಡು-ಮೂರು ಕಡೆಯಿಂದ ಹೀಗೆ ತೆಗೆದು, ಚುಚ್ಚಿದ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿದರೆ ಮುಗಿಯಿತು. ಆಳದ ಗಂಟು, ನೀರು ತುಂಬಿದ ಗಂಟು, ಬೆರಳಿಗೆ ಸರಿಯಾಗಿ ಸಿಗದ ಗಂಟುಗಳಿಗೆ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕುವುದು ಲೇಸು.

ನೀರುಗಂಟಿನಲ್ಲಿ ಒಂದು ಎಚ್ಚರ ಬೇಕು. ದ್ರವವನ್ನೆಲ್ಲ ಎಳೆದ ಮೇಲೂ ಕೈಗೆ ಸಿಗುವ ಗಟ್ಟಿ ಭಾಗ ಉಳಿದಿದ್ದರೆ ಅಲ್ಲಿಗೆ ಮತ್ತೆ ಸೂಜಿ ಹಾಕಲೇಬೇಕು, ಏಕೆಂದರೆ ರೋಗ ಇರುವುದು ಬಹುಮಟ್ಟಿಗೆ ಆ ಗೋಡೆಯಲ್ಲಿ. ದ್ರವ ತೆಗೆದು ಗಂಟು ಇಳಿಯಿತೆಂದು ಸಮಾಧಾನಪಟ್ಟು ಕಳಿಸಿಬಿಡುವುದು ಈ ಪರೀಕ್ಷೆಯಲ್ಲಿ ನಡೆಯುವ ದುಬಾರಿ ತಪ್ಪುಗಳಲ್ಲೊಂದು.

ಸ್ಲೈಡಿಗೆ ಎರಡು ಬಗೆಯ ಸಂಸ್ಕಾರ. ಕೆಲವನ್ನು ಗಾಳಿಯಲ್ಲಿ ಒಣಗಿಸಿ ಗೀಮ್ಸಾ ಗುಂಪಿನ ಬಣ್ಣ ಹಾಕುತ್ತಾರೆ, ಕೆಲವನ್ನು ತಕ್ಷಣ ಆಲ್ಕೋಹಾಲಿನಲ್ಲಿ ಅದ್ದಿ ಪಾಪಾನಿಕೊಲಾವು ಬಣ್ಣ ಹಾಕುತ್ತಾರೆ. ಎರಡನೆಯದರಲ್ಲಿ ಕೋಶಕೇಂದ್ರದ ಒಳನೋಟ ಸ್ಪಷ್ಟ. ಮೊದಲನೆಯದರಲ್ಲಿ ಕೋಶಗಳ ನಡುವಿನ ಅಂಟು ಪದಾರ್ಥ ಎದ್ದು ಕಾಣುವ ನೇರಳೆ-ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಲಾಲಾರಸ ಗ್ರಂಥಿಯ ಮುಖ್ಯ ಗಡ್ಡೆಗಳನ್ನು ಬೇರ್ಪಡಿಸುವುದು ಹೆಚ್ಚಾಗಿ ಅದೇ. ಆಲ್ಕೋಹಾಲಿನ ಸ್ಲೈಡುಗಳನ್ನು ಮಾತ್ರ ಮಾಡುವ ಪ್ರಯೋಗಾಲಯ ಈ ಅಂಗದ ಮಟ್ಟಿಗೆ ಒಂದು ಕಣ್ಣು ಮುಚ್ಚಿಕೊಂಡಂತೆಯೇ. ಪೆಥಾಲಜಿಸ್ಟ್ ಪಕ್ಕದಲ್ಲೇ ಇದ್ದು ಒಂದು ಸ್ಲೈಡಿಗೆ ಕೂಡಲೇ ಬಣ್ಣ ಹಾಕಿ ನೋಡಿದರೆ, ಮಾಲು ಸಾಕೇ, ಕಲ್ಚರಿಗೆ ಕಳಿಸಬೇಕೇ, ಫಾರ್ಮಲಿನ್‌ನಲ್ಲಿ ಹಾಕಿ, ಕೋಶಗಳನ್ನು ಮೇಣದಲ್ಲಿ ಗಟ್ಟಿಯಾಗಿಸುವ ಸೆಲ್ ಬ್ಲಾಕ್ ಮಾಡಬೇಕೇ ಎಂಬುದು ರೋಗಿ ಮೇಜಿನಿಂದ ಏಳುವ ಮೊದಲೇ ಇತ್ಯರ್ಥವಾಗುತ್ತದೆ.

ತೊಂದರೆಗಳು ಕಡಿಮೆ: ಸ್ವಲ್ಪ ರಕ್ತ ಹೆಪ್ಪುಗಟ್ಟಿ ನೀಲಿಯಾಗುವುದು, ನೋವು, ಕೆಲವರಿಗೆ ತಲೆ ಸುತ್ತು. ಸೂಜಿ ಚುಚ್ಚಿದರೆ ಗಡ್ಡೆ ‘ಕೆರಳಿ’ ಹರಡುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಗಟ್ಟಿಯಾಗಿದೆ, ಆ ಭಯದಿಂದ ತಿಂಗಳುಗಟ್ಟಲೆ ತಡಮಾಡುವವರಿದ್ದಾರೆ. ಇಷ್ಟು ಸಪೂರ ಸೂಜಿಯ ಹಾದಿಯಲ್ಲಿ ಲಾಲಾರಸ ಗ್ರಂಥಿಯ ಗಡ್ಡೆ ಬೇರೂರುವುದು ಅತ್ಯಂತ ವಿರಳ. ತಡವಾದ ಚಿಕಿತ್ಸೆಯಿಂದ ಆಗುವ ಹಾನಿಯೇ ದೊಡ್ಡದು.

ಗಡ್ಡೆಯಲ್ಲದ ಗಂಟುಗಳು

ಸೂಜಿ ನಿಜವಾಗಿ ಲಾಭ ತರುವುದು ಇಲ್ಲಿ. ಬಂದ ಗಂಟು ಗಡ್ಡೆಯೇ ಅಲ್ಲ ಎಂದು ಗೊತ್ತಾದರೆ ಎಷ್ಟೋ ಜನರಿಗೆ ಶಸ್ತ್ರಚಿಕಿತ್ಸೆ ತಪ್ಪುತ್ತದೆ.

ಮಕ್ಕಳಲ್ಲಿ ಜ್ವರದೊಂದಿಗೆ ಎರಡೂ ಕೆನ್ನೆ ಊದುವ ಮಂಗನಬಾವಿಗೆ ಸೂಜಿಯ ಅಗತ್ಯವಿಲ್ಲ, ನೋಡಿದರೇ ತಿಳಿಯುತ್ತದೆ. ಊಟದ ಹೊತ್ತಿಗೆ ಕೆಳದವಡೆಯಡಿ ಊದಿ ಆಮೇಲೆ ಇಳಿಯುವ ಬಾವಿಗೆ ಹೆಚ್ಚಾಗಿ ನಾಳದಲ್ಲಿ ಸಿಕ್ಕ ಕಲ್ಲು ಕಾರಣ. ಲಾಲಾರಸದ ಕಲ್ಲುಗಳಲ್ಲಿ ಸುಮಾರು 80 ಪ್ರತಿಶತ ಸಬ್‌ಮ್ಯಾಂಡಿಬ್ಯುಲರ್ ಗ್ರಂಥಿಯಲ್ಲೇ ಆಗುತ್ತವೆ. ಕಲ್ಲು ಹಳೆಯದಾಗಿ ಗ್ರಂಥಿ ನಾರುಗಟ್ಟಿ ಗಡುಸಾದರೆ ಕೈಗೆ ಕ್ಯಾನ್ಸರಿನಂತೆಯೇ ತೋರುತ್ತದೆ. ಹರ್ಮನ್ ಕ್ಯೂಟ್ನರ್ 1896ರಲ್ಲಿ ವಿವರಿಸಿದ, ಇಂದಿಗೂ ಕ್ಯೂಟ್ನರ್ ಗಡ್ಡೆ ಎಂದು ಕರೆಸಿಕೊಳ್ಳುವ, ಆದರೆ ಗಡ್ಡೆಯಲ್ಲದ ಸ್ಥಿತಿ ಇದೇ. ಸೂಜಿಗೆ ಕೆಲವೇ ನಾಳಕೋಶಗಳು, ಲಿಂಫೋಸೈಟುಗಳು, ನಾರಿನ ತುಣುಕುಗಳು ಬರುತ್ತವೆ. ಮಾಲು ಕಡಿಮೆ ಇದ್ದರೂ ಕಥೆಗೆ ಹೊಂದುತ್ತದೆ. ಮಧುಮೇಹ, ಕುಡಿತ, ಅಪೌಷ್ಟಿಕತೆ ಇರುವವರಲ್ಲಿ ಎರಡೂ ಪರೋಟಿಡ್‌ಗಳು ನೋವಿಲ್ಲದೆ ಉಬ್ಬುವುದುಂಟು. ಆಗ ಸಿಗುವುದು ದೊಡ್ಡದಾಗಿ ಊದಿದ ಸಹಜ ಕೋಶಗಳು ಮಾತ್ರ.

ಭಾರತದಲ್ಲಿ ಕ್ಷಯವನ್ನು ಮರೆಯುವಂತಿಲ್ಲ. ಪರೋಟಿಡ್‌ನ ಹೊದಿಕೆ ಭ್ರೂಣದಲ್ಲಿ ತಡವಾಗಿ ಮುಚ್ಚಿಕೊಳ್ಳುವುದರಿಂದ ಅದರೊಳಗೆ ದುಗ್ಧಗ್ರಂಥಿಗಳೂ ಸಿಕ್ಕಿಕೊಂಡಿರುತ್ತವೆ; ಕ್ಷಯ ಅಲ್ಲಿ ಮನೆ ಮಾಡಿದರೆ ಹೊರಗಿನಿಂದ ನೋಡುವವರಿಗೆ ಗ್ರಂಥಿಯ ಗಡ್ಡೆಯೆಂದೇ ಭ್ರಮೆ. ಸೂಜಿಗೆ ಬರುವ ಮಾಲಿನಲ್ಲಿ ಗ್ರಾನ್ಯುಲೋಮಾ ಮತ್ತು ಕೊಳೆತ ಕೋಶಗಳ ರಾಶಿ ಕಂಡರೆ, ಅದೇ ಮಾಲನ್ನು ಕ್ಷಯದ ರೋಗಾಣು ಹುಡುಕಲು ಜೀಲ್-ನೀಲ್ಸನ್ ಬಣ್ಣಕ್ಕೂ ಸಿಬಿನಾಟ್ ಪರೀಕ್ಷೆಗೂ ಕಳಿಸಬಹುದು. ರೋಗಿ ಶಸ್ತ್ರಚಿಕಿತ್ಸಾ ಕೊಠಡಿಯ ಬದಲು ಮಾತ್ರೆಗಳೊಂದಿಗೆ ಮನೆಗೆ ಹೋಗುತ್ತಾನೆ. ಆನೆಕಾಲು ರೋಗದ ನಂಟಿರುವ ಕಲಬುರಗಿ, ಬೀದರ್, ರಾಯಚೂರು ಸೀಮೆ ಮತ್ತು ಕರಾವಳಿಯಂಥ ಕಡೆಗಳಲ್ಲಿ ಕೆಲಸ ಮಾಡುವವರು ಸ್ಲೈಡಿನಲ್ಲಿ ಅಪರೂಪಕ್ಕೆ ಮೈಕ್ರೋಫೈಲೇರಿಯಾ ಹುಳು ಕಂಡರೆ ಬೆಚ್ಚಬೇಕಿಲ್ಲ. ಇನ್ನೊಂದು ನಮ್ಮದೇ ಸಮಸ್ಯೆ ಗುಟ್ಕಾ ಮತ್ತು ತಂಬಾಕಿನದು. ಬಾಯಿಯ ಕ್ಯಾನ್ಸರ್ ಮೊದಲು ಹರಡುವ ಜಾಗಗಳಲ್ಲಿ ಕೆಳದವಡೆಯಡಿಯ ದುಗ್ಧಗ್ರಂಥಿಗಳೂ ಸೇರಿವೆ, ಅವು ಸಬ್‌ಮ್ಯಾಂಡಿಬ್ಯುಲರ್ ಗ್ರಂಥಿಗೆ ಅಂಟಿಕೊಂಡೇ ಇರುತ್ತವೆ. ಬಂದ ಗಂಟು ಗ್ರಂಥಿಯದೋ, ಪಕ್ಕದ ದುಗ್ಧಗ್ರಂಥಿಯದೋ ಎಂಬುದನ್ನು ಎಷ್ಟೋ ಸಲ ಸೂಜಿಯೇ ಹೇಳುತ್ತದೆ. ಹಾಗೆ ಹೇಳಿದ ಮೇಲೆ ರೋಗಿಯ ಬಾಯಿ ತೆರೆಸಿ ನೋಡುವುದು ಬಾಕಿ ಉಳಿದಿರುತ್ತದೆ!

ಬಾಯಿ ಮತ್ತು ಕಣ್ಣು ಒಣಗುವ ಷೋಗ್ರೆನ್ ರೋಗದಲ್ಲಿ ಗ್ರಂಥಿಯೊಳಗೆ ಲಿಂಫೋಸೈಟುಗಳು ಗುಂಪುಗಟ್ಟುತ್ತವೆ. ಇಂಥವರಲ್ಲಿ ಕೆಲವರಿಗೆ ಮುಂದೆ ಆ ಕೋಶಗಳ ಕ್ಯಾನ್ಸರಾದ ಲಿಂಫೋಮಾ ಬರುವ ಅಪಾಯವಿದೆ. ಆರಂಭದ ಲಿಂಫೋಮಾವನ್ನೂ ಬರೀ ಉರಿಯೂತವನ್ನೂ ಸ್ಲೈಡಿನಲ್ಲಿ ಬಿಡಿಸಿ ಹೇಳುವುದು ಕಠಿಣ, ಕೋಶಗಳ ಮೇಲಿನ ಗುರುತುಗಳನ್ನು ಯಂತ್ರದಲ್ಲಿ ಅಳೆಯುವ ಫ್ಲೋ ಸೈಟೋಮೆಟ್ರಿಯ ನೆರವು ಬೇಕು. ಎಚ್‌ಐವಿ ಇದ್ದವರಲ್ಲಿ ಎರಡೂ ಪರೋಟಿಡ್‌ಗಳಲ್ಲಿ ನೀರುಗಂಟುಗಳು ಏಳುವುದುಂಟು, ಕೆಲವೊಮ್ಮೆ ಸೋಂಕಿನ ಮೊದಲ ಸೂಚನೆಯೇ ಅದಾಗಿರುತ್ತದೆ.

ಗಡ್ಡೆಗಳು: ಹೋಲಿಕೆಯೇ ತೊಡಕು

ಪ್ಲಿಯೋಮಾರ್ಫಿಕ್ ಅಡಿನೋಮಾ ಲಾಲಾರಸ ಗ್ರಂಥಿಯ ಅತಿ ಸಾಮಾನ್ಯ ಗಡ್ಡೆ. ಮಧ್ಯವಯಸ್ಸಿನವರಲ್ಲಿ, ಹೆಂಗಸರಲ್ಲಿ ತುಸು ಹೆಚ್ಚಾಗಿ, ಕಿವಿಯ ಕೆಳಗೆ ವರ್ಷಗಟ್ಟಲೆ ನೋವಿಲ್ಲದೆ ನಿಧಾನ ಬೆಳೆಯುತ್ತದೆ. ಸೂಜಿಯ ಮಾಲಿನಲ್ಲಿ ಮೂರು ಅಂಶಗಳು ಬೆರೆತಿರುತ್ತವೆ: ನಾಳಕೋಶಗಳ ಗುಂಪುಗಳು, ಒಂಟೊಂಟಿಯಾಗಿ ಚದುರಿದ ಮೈಯೋಎಪಿಥೀಲಿಯಲ್ ಕೋಶಗಳು, ಅವೆರಡನ್ನೂ ತನ್ನೊಳಗೆ ಸೆಳೆದುಕೊಂಡ ನಾರುನಾರಾದ ನೇರಳೆ ಪದಾರ್ಥ. ಈ ಪದಾರ್ಥದ ಅಂಚು ಮಸುಕು, ಎಳೆಗಳು ಕೋಶಗಳ ನಡುವೆ ಕರಗಿ ಹೋಗುತ್ತವೆ. ಮೂರೂ ಸಿಕ್ಕರೆ ಅನುಮಾನಕ್ಕೆ ಎಡೆಯಿಲ್ಲ. ಕ್ಯಾನ್ಸರ್ ಅಲ್ಲದಿದ್ದರೂ ಇದನ್ನು ತೆಗೆಸಲು ವೈದ್ಯರು ಹೇಳುವುದು, ಹಲವು ವರ್ಷ ಹಾಗೇ ಬಿಟ್ಟರೆ ಅದರೊಳಗೇ ಕ್ಯಾನ್ಸರ್ ಹುಟ್ಟುವ ಅಪಾಯ ಏರುತ್ತಾ ಹೋಗುವುದರಿಂದ.

ಇದರ ಎದುರಾಳಿ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ. 19ನೆಯ ಶತಮಾನದಲ್ಲಿ ಶಸ್ತ್ರವೈದ್ಯ ಬಿಲ್‌ರೋತ್ ಸಿಲಿಂಡ್ರೋಮಾ ಎಂದು ಕರೆದ ಗಡ್ಡೆಯಿದು. ನರಗಳ ಗುಂಟ ಹರಿದು ಹೋಗುವ, ಹತ್ತು-ಹದಿನೈದು ವರ್ಷಗಳ ನಂತರವೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುವ ಹಠಮಾರಿ. ಇದರಲ್ಲೂ ನೇರಳೆ ಪದಾರ್ಥವಿದೆ. ಆದರೆ ಇಲ್ಲಿ ಅದು ಗುಂಡಗಿನ ಹರಳುಗಳಂತೆ, ಅಂಚು ಕತ್ತರಿಸಿಟ್ಟಂತೆ ಚೊಕ್ಕ. ಕೋಶಗಳು ಅದರೊಳಕ್ಕೆ ನುಗ್ಗದೆ ಹೊರಗೆ ಸುತ್ತುವರಿಯುತ್ತವೆ. ಪುಸ್ತಕದ ಚಿತ್ರದಲ್ಲಿ ಎರಡರ ಭೇದ ನಿಚ್ಚಳ. ಸ್ಲೈಡಿನಲ್ಲಿ ಹಾಗಿರುವುದಿಲ್ಲ. ಕೋಶಗಳೇ ಹೆಚ್ಚಿದ್ದು ಪದಾರ್ಥ ಕಡಿಮೆಯಿರುವ ಪ್ಲಿಯೋಮಾರ್ಫಿಕ್ ಅಡಿನೋಮಾಗಳಿವೆ, ಅಲ್ಲಲ್ಲಿ ಗುಂಡು ಹರಳುಗಳೂ ಇರುವ ಅಡಿನೋಮಾಗಳಿವೆ, ಹರಳೇ ಇಲ್ಲದ ಗಟ್ಟಿ ಬಗೆಯ ಅಡಿನಾಯ್ಡ್ ಸಿಸ್ಟಿಕ್ ಇದೆ. ಇವೆರಡರ ನಡುವೆ ಬೇಸಲ್ ಸೆಲ್ ಅಡಿನೋಮಾ ಮತ್ತು ಅದರದೇ ಕ್ಯಾನ್ಸರ್ ರೂಪವೂ ಬಂದು ನಿಲ್ಲುತ್ತವೆ. ಈ ಕೊನೆಯ ಜೋಡಿಯಲ್ಲಂತೂ ಕೋಶಗಳು ತದ್ರೂಪು. ಸುತ್ತಲಿನ ಅಂಗಾಂಶಕ್ಕೆ ನುಗ್ಗಿದೆಯೇ ಎಂಬುದೊಂದೇ ವ್ಯತ್ಯಾಸ, ಅದು ಸೂಜಿಗೆ ಸಿಗುವ ಸಂಗತಿಯಲ್ಲ. ಇಟ್ಟಿಗೆಗಳ ರಾಶಿ ನೋಡಿ ಕಟ್ಟಡ ಪಕ್ಕದ ಜಾಗ ಒತ್ತುವರಿ ಮಾಡಿತ್ತೇ ಎಂದು ಹೇಳಲಾಗದು.

ವಾರ್ಥಿನ್ ಗಡ್ಡೆ ಬೇರೆ ಜಾತಿಯದು. ಮಿಚಿಗನ್ ವಿಶ್ವವಿದ್ಯಾಲಯದ ಪೆಥಾಲಜಿಸ್ಟ್ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್ 1929ರಲ್ಲಿ ಇದನ್ನು ವಿವರಿಸಿದರು. ಬೀಡಿ-ಸಿಗರೇಟು ಸೇದುವ ವಯಸ್ಸಾದವರಲ್ಲಿ, ಬಹುತೇಕ ಪರೋಟಿಡ್‌ನ ಕೆಳತುದಿಯಲ್ಲಿ, ಕೆಲವರಿಗೆ ಎರಡೂ ಕಡೆ ಬರುತ್ತದೆ. ಸೂಜಿಗೆ ಕಂದುಬಣ್ಣದ ಮಡ್ಡಿ ದ್ರವ ಬಂತೆಂದರೆ ಪೆಥಾಲಜಿಸ್ಟ್ ಅರ್ಧ ನಿಶ್ಚಿಂತರು. ಆಂಕೋಸೈಟ್ ಎಂಬ ಅಗಲ ಮೈಯ ಕೋಶಗಳ ಹಾಳೆಗಳು, ಲಿಂಫೋಸೈಟುಗಳು, ಕೊಳಕು ಹಿನ್ನೆಲೆ ಮೂರೂ ಇದ್ದರೆ ಗುರುತು ಖಚಿತ. ಕ್ಯಾನ್ಸರಾಗುವುದು ತೀರ ಅಪರೂಪವಾದ್ದರಿಂದ ವಯಸ್ಸಾದ, ಹೃದ್ರೋಗವಿರುವ ರೋಗಿಯಲ್ಲಿ ಇದನ್ನು ತೆಗೆಯದೆ ಸುಮ್ಮನೆ ಗಮನಿಸಬಹುದು. ಆದರೆ ಇದಕ್ಕೊಂದು ಕಿಡಿಗೇಡಿತನವಿದೆ: ರಕ್ತಪೂರೈಕೆ ಕಡಿದು ಗಡ್ಡೆಯ ಭಾಗ ಸತ್ತರೆ, ಇಲ್ಲವೇ ಹಿಂದೆ ಹಾಕಿದ ಸೂಜಿಯ ಗಾಯದಿಂದ ಕೋಶಗಳು ರೂಪ ಬದಲಿಸಿದರೆ, ಸ್ಲೈಡು ಸ್ಕ್ವೇಮಸ್ ಕ್ಯಾನ್ಸರಿನಂತೆ ಕಾಣುತ್ತದೆ.

ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ ಸೂಜಿಯ ಕಣ್ಣು ತಪ್ಪಿಸುವುದರಲ್ಲಿ ನಿಸ್ಸೀಮ. ಮಕ್ಕಳಲ್ಲಿ ಬರುವ ಲಾಲಾರಸ ಗ್ರಂಥಿ ಕ್ಯಾನ್ಸರುಗಳಲ್ಲೂ ಇದೇ ಮುಂದು. ಲೋಳೆ ಸುರಿಸುವ ಕೋಶ, ಚರ್ಮದಂಥ ಕೋಶ, ಇವೆರಡರ ನಡುವಿನ ಕೋಶ ಎಂದು ಮೂರು ಬಗೆ ಇರುತ್ತವೆ. ಬಿರುಸಿನ ಬಗೆಯಾದರೆ ಕ್ಯಾನ್ಸರೆಂಬುದು ಥಟ್ಟನೆ ಗೊತ್ತಾಗುತ್ತದೆ. ಮಂದ ಬಗೆ ಹಾಗಲ್ಲ: ನೀರುಗಂಟಾಗಿ ಬರುತ್ತದೆ, ಸೂಜಿಗೆ ಲೋಳೆ ತುಂಬಿಕೊಳ್ಳುತ್ತದೆ, ಕೋಶಗಳು ಬೆರಳೆಣಿಕೆಯಷ್ಟು, ಅವೂ ಸಾಧುವಾಗಿ ಕಾಣುತ್ತವೆ. ಇಂಥ ಸ್ಲೈಡಿನ ಮೇಲೆ ‘ಸಾಮಾನ್ಯ ನೀರುಗಂಟು’ ಎಂದು ಬರೆದದ್ದೇ ಈ ಪರೀಕ್ಷೆಯ ಇತಿಹಾಸದಲ್ಲಿ ಅತಿ ಹೆಚ್ಚು ಕ್ಯಾನ್ಸರುಗಳು ಕೈತಪ್ಪಿದ ದಾರಿ. ಅಸಿನಿಕ್ ಸೆಲ್ ಕಾರ್ಸಿನೋಮಾ ಇನ್ನೊಂದು ರೀತಿಯ ಮೋಸಗಾರ. ಅದರ ಕೋಶಗಳು ಸಹಜ ಗ್ರಂಥಿಯ ಕೋಶಗಳ ಪಡಿಯಚ್ಚು. ಸಹಜ ಗ್ರಂಥಿಯಲ್ಲಿ ಗೊಂಚಲಿನ ಜೊತೆ ನಾಳವೂ ಕೊಬ್ಬೂ ಬರುತ್ತವೆ, ಇಲ್ಲಿ ಅವೆರಡೂ ಬರುವುದಿಲ್ಲ. ಇಲ್ಲದ್ದನ್ನು ಗಮನಿಸುವವರಿಗೆ ಮಾತ್ರ ಇದು ಸಿಕ್ಕಿಬೀಳುತ್ತದೆ.

ಬಿರುಸಿನ ಕ್ಯಾನ್ಸರುಗಳಲ್ಲಿ, ಉದಾಹರಣೆಗೆ ಸಲೈವರಿ ಡಕ್ಟ್ ಕಾರ್ಸಿನೋಮಾದಲ್ಲಿ, ಕೇಡು ಕೋಶದ ಮೇಲೆಯೇ ಬರೆದಿರುತ್ತದೆ. ಅಲ್ಲಿ ಪ್ರಶ್ನೆ ಗ್ರಂಥಿಯಲ್ಲೇ ಹುಟ್ಟಿದ್ದೋ ಬೇರೆಡೆಯಿಂದ ಬಂದದ್ದೋ ಎಂಬುದು. ಬಿಸಿಲು ಮತ್ತು ಬಿಳಿ ಚರ್ಮದ ಆಸ್ಟ್ರೇಲಿಯಾದಲ್ಲಿ ಪರೋಟಿಡ್‌ನ ಕ್ಯಾನ್ಸರೆಂದರೆ ಹೆಚ್ಚಾಗಿ ತಲೆ-ಮುಖದ ಚರ್ಮದಿಂದ ಹರಡಿದ ಸ್ಕ್ವೇಮಸ್ ಕ್ಯಾನ್ಸರು. ಇನ್ಯೂಟರಲ್ಲಿ ಮತ್ತು ದಕ್ಷಿಣ ಚೀನಿಯರಲ್ಲಿ ಎಪ್ಸ್‌ಟೀನ್-ಬಾರ್ ವೈರಸ್ಸಿನ ನಂಟಿರುವ ಲಿಂಫೋಎಪಿಥೀಲಿಯಲ್ ಕಾರ್ಸಿನೋಮಾವನ್ನು ನೆನೆಯಬೇಕು.

ಮಿಲಾನ್ ಪದ್ಧತಿ

ಬಹುಕಾಲ ಇಂಥ ಸ್ಲೈಡುಗಳ ವರದಿ ಬರೆಯುವವರ ಮನೋಧರ್ಮಕ್ಕೆ ಬಿಟ್ಟದ್ದಾಗಿತ್ತು. ಒಬ್ಬರು ಪುಟತುಂಬ ವರ್ಣಿಸಿ ಏನನ್ನೂ ಹೇಳದೆ ಮುಗಿಸಿದರೆ, ಇನ್ನೊಬ್ಬರು ಒಂದೇ ಹೆಸರು ಬರೆದು ಸಹಿ ಹಾಕುತ್ತಿದ್ದರು. 2015ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕೋಶಶಾಸ್ತ್ರಜ್ಞರು ಇದಕ್ಕೊಂದು ಸಮಾನ ಭಾಷೆ ಬೇಕೆಂದು ಹೊರಟರು. ವಿಲಿಯಂ ಫಾಕ್ವಿನ್, ಎಸ್ತರ್ ರೊಸ್ಸಿ ಮುಂತಾದವರ ಸಂಪಾದಕತ್ವದಲ್ಲಿ 2018ರಲ್ಲಿ ಮಿಲಾನ್ ಪದ್ಧತಿಯ ಪುಸ್ತಕ ಹೊರಬಂತು, 2023ರಲ್ಲಿ ಎರಡನೆಯ ಆವೃತ್ತಿ. ಭಾರತದ ವೈದ್ಯಕೀಯ ಕಾಲೇಜುಗಳಲ್ಲೂ ವರದಿಗಳು ಈಗ ಇದೇ ಚೌಕಟ್ಟಿಗೆ ಬರುತ್ತಿವೆ.

ಪದ್ಧತಿಯ ತಿರುಳು ಸರಳ. ಪ್ರತಿ ವರದಿಯೂ ಆರು ವರ್ಗಗಳಲ್ಲಿ ಒಂದಕ್ಕೆ ಸೇರಬೇಕು, ಪ್ರತಿ ವರ್ಗಕ್ಕೂ ಅದು ಕೊನೆಗೆ ಕ್ಯಾನ್ಸರೆಂದು ತಿಳಿದುಬರುವ ಸಂಭವ ಎಷ್ಟೆಂಬ ಅಂದಾಜು ಇರಬೇಕು. ಮಾಲು ಸಾಲದ್ದು ಮೊದಲ ವರ್ಗ. ಗಂಟಿಗೆ ಸೇರಿದ ಕನಿಷ್ಠ 60 ಕೋಶಗಳಾದರೂ ಇರಲಿ ಎಂಬುದು ಒಂದು ಅಳತೆ. ಎರಡನೆಯ ಆವೃತ್ತಿಯ ಪ್ರಕಾರ ಇದರ ಅಪಾಯ ಸುಮಾರು 15 ಪ್ರತಿಶತ. ಎರಡನೆಯದು ಗಡ್ಡೆಯಲ್ಲದ ಸ್ಥಿತಿ, ಸುಮಾರು 11 ಪ್ರತಿಶತ. ಉರಿಯೂತ ಎಂದು ಬರೆದದ್ದರಲ್ಲೂ ಇಷ್ಟು ಅಪಾಯವೇ ಎಂದು ಹುಬ್ಬೇರಿಸಬಹುದು. ಸೂಜಿ ಗಡ್ಡೆಯನ್ನು ತಪ್ಪಿ ಪಕ್ಕದ ಬಾತ ಗ್ರಂಥಿಗೆ ಬೀಳುವುದು, ಮಂದ ಲಿಂಫೋಮಾ ಉರಿಯೂತದ ವೇಷದಲ್ಲಿರುವುದು ಇದಕ್ಕೆ ಕಾರಣ. ಮೂರನೆಯದು ಗಡ್ಡೆಯೋ ಅಲ್ಲವೋ ಹೇಳಲಾಗದ್ದು, ಸುಮಾರು 30 ಪ್ರತಿಶತ. ಮೇಲೆ ಹೇಳಿದ ಬರೀ ಲೋಳೆಯ ಸ್ಲೈಡು ಹೋಗಬೇಕಾದ್ದು ಇಲ್ಲಿಗೆ. ಈ ವರ್ಗ ಒಂದು ಪ್ರಯೋಗಾಲಯದ ವರದಿಗಳಲ್ಲಿ 10 ಪ್ರತಿಶತ ಮೀರಬಾರದೆಂಬ ಕಡಿವಾಣವೂ ಇದೆ, ಇಲ್ಲದಿದ್ದರೆ ಎಲ್ಲರೂ ಇಲ್ಲೇ ಅಡಗಿ ಕೂರುತ್ತಾರೆ. ನಾಲ್ಕನೆಯ ವರ್ಗಕ್ಕೆ ಎರಡು ಕವಲು: ಖಚಿತವಾಗಿ ನಿರಪಾಯದ ಗಡ್ಡೆಯಾದರೆ 3 ಪ್ರತಿಶತಕ್ಕಿಂತ ಕಡಿಮೆ, ಗಡ್ಡೆಯೆಂಬುದು ಖಚಿತ, ಆದರೆ ಕೇಡು ಅನಿಶ್ಚಿತ ಎಂದಾದರೆ ಸುಮಾರು 35 ಪ್ರತಿಶತ. ಐದನೆಯದು ಕ್ಯಾನ್ಸರಿನ ಬಲವಾದ ಶಂಕೆ, ಸುಮಾರು 83 ಪ್ರತಿಶತ. ಆರನೆಯದು ಕ್ಯಾನ್ಸರು, 98ಕ್ಕೂ ಮೇಲೆ.

ಇವುಗಳಲ್ಲಿ ‘ಕೇಡು ಅನಿಶ್ಚಿತ’ ಎಂಬ ಕವಲೇ ಪದ್ಧತಿಯ ನಿಜವಾದ ಸಾಧನೆ ಎನ್ನಬೇಕು. ಸಂಪ್ ಎಂಬ ಅಡ್ಡಹೆಸರಿನ ಈ ಪೆಟ್ಟಿಗೆಗೆ ಬೇಸಲ್ ಕೋಶಗಳ ಗಡ್ಡೆಗಳು, ಆಂಕೋಸೈಟ್ ಗಡ್ಡೆಗಳು, ಮೈಯೋಎಪಿಥೀಲಿಯಲ್ ಗಡ್ಡೆಗಳು ಬಂದು ಬೀಳುತ್ತವೆ. ಇದು ಪೆಥಾಲಜಿಸ್ಟರ ಸೋಲಲ್ಲ, ಸೂಜಿಯ ಮಿತಿಯನ್ನು ಮುಚ್ಚಿಡದೆ ಹೇಳುವ ಉತ್ತರ. ಶಸ್ತ್ರವೈದ್ಯರಿಗೂ ಇದರಿಂದ ದಾರಿ ಸ್ಪಷ್ಟ: ನರವನ್ನು ಉಳಿಸಿಕೊಂಡು, ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಸಹಜ ಗ್ರಂಥಿಯೊಂದಿಗೆ ತೆಗೆ, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಈಗಲೇ ಕೈಹಾಕಬೇಡ. ಆದರೆ ವರದಿ ವೈದ್ಯರಿಗಿಂತ ಮೊದಲು ರೋಗಿಯ ಮೊಬೈಲಿಗೆ ಬರುವ ಈ ಕಾಲದಲ್ಲಿ ‘ಅನಿಶ್ಚಿತ’ ಎಂಬ ಮಾತು ಮನೆಮಂದಿಯ ನಿದ್ದೆ ಕೆಡಿಸುತ್ತದೆ. ಆ ವರ್ಗದ ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ಕ್ಯಾನ್ಸರ್ ಇರುವುದಿಲ್ಲ ಎಂದು ಕೂರಿಸಿಕೊಂಡು ಹೇಳುವವರು ಬೇಕು.

ಎಷ್ಟು ನಂಬಬಹುದು

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ನಡೆದ ವಿಶ್ಲೇಷಣೆಯಲ್ಲಿ ಸೂಜಿ ಪರೀಕ್ಷೆ 100 ಕ್ಯಾನ್ಸರುಗಳಲ್ಲಿ ಸುಮಾರು 80ನ್ನು ಹಿಡಿಯುತ್ತದೆ, ಕ್ಯಾನ್ಸರ್ ಅಲ್ಲದ 100ರಲ್ಲಿ ಸುಮಾರು 97ನ್ನು ಅಲ್ಲವೆಂದೇ ಹೇಳುತ್ತದೆ ಎಂದು ಕಂಡುಬಂತು. ಅಂದರೆ ವರದಿ ‘ಕ್ಯಾನ್ಸರ್’ ಎಂದರೆ ಬಹುಮಟ್ಟಿಗೆ ನಂಬಬಹುದು, ‘ಅಲ್ಲ’ ಎಂದಾಗ ಗಂಟಿನ ನಡತೆಯನ್ನೂ ಗಮನಿಸಬೇಕು. ಗಂಟು ದಿಢೀರನೆ ಬೆಳೆದಿದ್ದರೆ, ನೋವಿದ್ದರೆ, ಮುಖ ಸೊಟ್ಟಗಾಗಿದ್ದರೆ, ಚರ್ಮಕ್ಕೆ ಅಂಟಿದ್ದರೆ ಸ್ಲೈಡು ಎಷ್ಟೇ ಸಾಧುವಾಗಿರಲಿ, ಮತ್ತೊಮ್ಮೆ ಸೂಜಿ ಹಾಕುವುದೇ ಸರಿ.

ದಪ್ಪ ಸೂಜಿಯಿಂದ ಅಂಗಾಂಶದ ಸಣ್ಣ ಕಡ್ಡಿಯನ್ನೇ ತೆಗೆಯುವ ಕೋರ್ ಬಯಾಪ್ಸಿ ನಿಖರತೆಯಲ್ಲಿ ಮುಂದಿದೆ, ಲಿಂಫೋಮಾ ಶಂಕೆಯಲ್ಲಿ ಅದೇ ಮೇಲು. ಆದರೆ ಅದಕ್ಕೆ ಅರಿವಳಿಕೆ, ಅಲ್ಟ್ರಾಸೌಂಡ್, ನರದ ಬಗ್ಗೆ ಹೆಚ್ಚಿನ ಎಚ್ಚರ ಎಲ್ಲವೂ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸಿರಿಂಜು, ನಾಲ್ಕು ಸ್ಲೈಡು, ಒಂದು ಸೂಕ್ಷ್ಮದರ್ಶಕದಿಂದ ಮುಗಿಯುವ ಕೆಲಸವನ್ನು ಅದು ಸದ್ಯಕ್ಕೆ ಸ್ಥಾನಪಲ್ಲಟ ಮಾಡಲಾರದು. ಮೊದಲು ಸಪೂರ ಸೂಜಿ, ಎರಡು ಸಲ ಹಾಕಿಯೂ ಉತ್ತರ ಸಿಗದಿದ್ದರೆ ಕೋರ್ ಎಂಬ ಕ್ರಮ ಒಪ್ಪತಕ್ಕದ್ದು.

ಜೀನುಗಳ ನೆರವು

ಕಳೆದ ಎರಡು ದಶಕಗಳಲ್ಲಿ ಲಾಲಾರಸ ಗ್ರಂಥಿಯ ಗಡ್ಡೆಗಳ ಹಿಂದೆ ವಿಶಿಷ್ಟ ಜೀನ್ ಬೆಸುಗೆಗಳಿವೆ ಎಂಬುದು ಒಂದೊಂದಾಗಿ ಬಯಲಾಗಿದೆ. ಮ್ಯೂಕೋಎಪಿಡರ್ಮಾಯ್ಡ್‌ನಲ್ಲಿ ಎಂಎಎಂಎಲ್2 ಜೀನಿನ ಬೆಸುಗೆ 2003ರಲ್ಲಿ, ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಎಂವೈಬಿ-ಎನ್ಎಫ್ಐಬಿ ಬೆಸುಗೆ 2009ರಲ್ಲಿ ತಿಳಿಯಿತು. ಅಸಿನಿಕ್ ಸೆಲ್ ಕಾರ್ಸಿನೋಮಾದಲ್ಲಿ ಎನ್ಆರ್4ಎ3 ಜೀನು ಅತಿಯಾಗಿ ಕೆಲಸ ಮಾಡುವುದು 2019ರಲ್ಲಿ ಗೊತ್ತಾಯಿತು, ಪ್ಲಿಯೋಮಾರ್ಫಿಕ್ ಅಡಿನೋಮಾದ ಪಿಎಲ್ಎಜಿ1 ಅದಕ್ಕೂ ಬಹಳ ಹಿಂದೆಯೇ. ಸೂಜಿಯ ಮಾಲಿನಿಂದ ಮಾಡಿದ ಸೆಲ್ ಬ್ಲಾಕಿನ ತೆಳುಪದರಕ್ಕೆ ಈ ಜೀನುಗಳ ಪ್ರೋಟೀನುಗಳನ್ನು ತೋರಿಸುವ ಬಣ್ಣ ಹಾಕಿ, ಇಲ್ಲವೇ ಜೀನಿನ ಬೆಸುಗೆಯನ್ನೇ ಹುಡುಕುವ ಫಿಶ್ ಪರೀಕ್ಷೆ ಮಾಡಿ, ‘ಅನಿಶ್ಚಿತ’ ವರ್ಗದಿಂದ ಎಷ್ಟೋ ಗಡ್ಡೆಗಳನ್ನು ಈಗ ಹೊರಗೆಳೆಯಬಹುದು. ಆದ್ದರಿಂದಲೇ ಸ್ಲೈಡು ಮಾಡಿದ ಮೇಲೆ ಸೂಜಿಯನ್ನು ತೊಳೆದ ನೀರನ್ನು ಚೆಲ್ಲದೆ ಉಳಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಪೆಥಾಲಜಿಸ್ಟ್ ಅಲೆನಾ ಸ್ಕಾಲೊವಾ ಮತ್ತು ಸಂಗಡಿಗರು 2010ರಲ್ಲಿ ಗುರುತಿಸಿದ ಸೆಕ್ರಿಟರಿ ಕಾರ್ಸಿನೋಮಾ ಇದಕ್ಕೆ ಉದಾಹರಣೆ. ಅದುವರೆಗೆ ಅವುಗಳಲ್ಲಿ ಬಹಳಷ್ಟು ಅಸಿನಿಕ್ ಸೆಲ್ ಎಂಬ ಹೆಸರಿನಡಿ ಹಾದುಹೋಗುತ್ತಿದ್ದವು. ಸ್ತನದ ಒಂದು ಅಪರೂಪದ ಕ್ಯಾನ್ಸರಿನಲ್ಲಿದ್ದ ಇಟಿವಿ6-ಎನ್‌ಟಿಆರ್‌ಕೆ3 ಬೆಸುಗೆಯೇ ಇಲ್ಲೂ ಇರುವುದು ಕಂಡ ಮೇಲೆ ಅದು ಬೇರೆಯೇ ರೋಗವೆಂದು ತಿಳಿಯಿತು. 2018ರಲ್ಲಿ ಇಂಥ ಎನ್‌ಟಿಆರ್‌ಕೆ ಬೆಸುಗೆಯಿರುವ, ಶಸ್ತ್ರಚಿಕಿತ್ಸೆಗೆ ನಿಲುಕದ ಕ್ಯಾನ್ಸರುಗಳಿಗೆ ಲಾರೊಟ್ರೆಕ್ಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಸಲೈವರಿ ಡಕ್ಟ್ ಕಾರ್ಸಿನೋಮಾದಲ್ಲಿ ಆಂಡ್ರೋಜನ್ ರಿಸೆಪ್ಟರ್ ಮತ್ತು ಹರ್2 ಪ್ರೋಟೀನುಗಳನ್ನು ಹುಡುಕುವುದೂ ಹೀಗೆ ಔಷಧಿಯ ಆಯ್ಕೆಗಾಗಿಯೇ. ದೂರಕ್ಕೆ ಹರಡಿ ಶಸ್ತ್ರಚಿಕಿತ್ಸೆಯ ಹಂತ ದಾಟಿದ ರೋಗಿಯಲ್ಲಿ ಈ ಪರೀಕ್ಷೆಗಳಿಗೆ ಬೇಕಾದ ಮಾಲು ಎಷ್ಟೋ ಸಲ ಸೂಜಿಯಿಂದಲೇ ಬರುತ್ತದೆ.